ಯಾರ್ಡ್ ಇಂಜಿನ್ನಿನ ಜಾತಕ

ಅಮೆರಿಕದ ಸೇಂಟ್ ಲೂಯಿಸ್ ನಗರದ ರಾಷ್ಟ್ರೀಯ ಸಾರಿಗೆ ಸಂಗ್ರಹಾಲಯದಲ್ಲಿ ಒಂದು ಹಳೆಯ ಡೀಸೆಲ್ ಇಂಜಿನ್ ಇದೆ. ಮೊದಲ ನೋಟಕ್ಕೆ ಅದು ಇಂಜಿನ್ ಅನ್ನಿಸುವುದೇ ಇಲ್ಲ. ಕಿಟಕಿ ಕೊರೆದ ಉಕ್ಕಿನ ಪೆಟ್ಟಿಗೆಯೊಂದನ್ನು ಎತ್ತಿ ಹಳಿಯ ಮೇಲೆ ಇಟ್ಟಂತಿದೆ. ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ 1925ರಲ್ಲಿ ಅದನ್ನು ಕೊಂಡಾಗ ಕೊಟ್ಟ ನಂಬರು 1. ಮುಂದೆ ಅದು 195 ಆಯಿತು, ಆಮೇಲೆ 8000. ಮೂರೂ ನಂಬರು ಒಂದೇ ಇಂಜಿನ್ನಿನವು ಎಂದು ಇವತ್ತು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಇಂಥ ಒಂದು ಸಾಲಿನ ಹಿಂದೆ ಯಾರೋ ಹಳೆಯ ರಿಜಿಸ್ಟರುಗಳ ಮುಂದೆ ಕೂತ ಮಧ್ಯಾಹ್ನಗಳಿರುತ್ತವೆ, ಟಾರ್ಚು ಹಿಡಿದು ಇಂಜಿನ್ನಿನ ಅಡಿಗೆ ನುಸುಳಿದ ಮುಂಜಾವುಗಳಿರುತ್ತವೆ. ಹಳೆಯ ಷಂಟಿಂಗ್ ಇಂಜಿನ್ನುಗಳ ಚರಿತ್ರೆ ಹುಡುಕುವ ಈ ಕಸುಬನ್ನು ನಾನು ಬಹಳ ವರ್ಷಗಳಿಂದ ಬೆರಗಿನಿಂದ ನೋಡುತ್ತ ಬಂದಿದ್ದೇನೆ. ಅದು ನಡೆಯುವ ಬಗೆಯನ್ನು ಇಲ್ಲಿ ಹೇಳುವ ಆಸೆ.

ನಾವು ಷಂಟಿಂಗ್ ಎನ್ನುವುದನ್ನು ಅಮೆರಿಕದವರು ಸ್ವಿಚಿಂಗ್ ಎನ್ನುತ್ತಾರೆ. ಕೆಲಸ ಎರಡೂ ಕಡೆ ಒಂದೇ. ಬಂದ ಗಾಡಿಯನ್ನು ಬಿಡಿಸುವುದು, ವ್ಯಾಗನ್ನುಗಳನ್ನು ಹೋಗಬೇಕಾದ ಊರಿನ ಪ್ರಕಾರ ಬೇರೆ ಬೇರೆ ಹಳಿಗೆ ತಳ್ಳುವುದು, ಮತ್ತೆ ಜೋಡಿಸಿ ಹೊಸ ಗಾಡಿ ಕಟ್ಟಿಕೊಡುವುದು. ಹಗಲು ರಾತ್ರಿ ಎನ್ನದೆ ಒಂದೆರಡು ಮೈಲಿಯೊಳಗೇ ಸುತ್ತುವ ಇಂಜಿನ್ ಅದು. ಊರಿಂದೂರಿಗೆ ಓಡುವ ಎಕ್ಸ್‌ಪ್ರೆಸ್ಸಿನ ಇಂಜಿನ್ನಿಗೆ ಹೆಸರಿತ್ತು, ಪೋಸ್ಟರಿತ್ತು, ಅದಕ್ಕಾಗಿ ಕಾದು ನಿಂತ ಫೋಟೋಗ್ರಾಫರುಗಳಿದ್ದರು. ಫಿಲಂ ರೋಲು ದುಬಾರಿಯಾಗಿದ್ದ ಕಾಲದಲ್ಲಿ ಯಾರ್ಡಿನ ಮೂಲೆಯ ಮಸಿ ಬಳಿದ ಇಂಜಿನ್ನಿಗಾಗಿ ಒಂದು ಫ್ರೇಮು ಖರ್ಚು ಮಾಡುವವರು ಎಷ್ಟು ಜನ? ಹಾಗಾಗಿ ಅದು ಚಿತ್ರದಲ್ಲಿ ಸಿಕ್ಕರೂ ಬೇರೆ ಯಾವುದೋ ರೈಲಿನ ಹಿಂದೆ, ಅಂಚಿನಲ್ಲಿ, ಅರ್ಧ ಕತ್ತರಿಸಿಹೋಗಿ ಸಿಗುತ್ತದೆ. ಮದುವೆಮನೆಯ ಫೋಟೋದಲ್ಲಿ ಅಡುಗೆ ಭಟ್ಟರು ಸಿಕ್ಕ ಹಾಗೆ. ಸಂಶೋಧಕರು ಭೂತಗನ್ನಡಿ ಹಿಡಿಯುವುದು ಆ ಅಂಚಿಗೇ.

ಶುರುವಾಗುವುದು ಮಾತ್ರ ಫೋಟೋದಿಂದಲ್ಲ, ಇಂಜಿನ್ನಿನ ಮೈಯಿಂದ. ಈ ಕಸುಬಿನ ಮೊದಲ ಪಾಠ ಇದು: ಪಕ್ಕದಲ್ಲಿ ಬಣ್ಣದಿಂದ ಬರೆದ ನಂಬರನ್ನು ನಂಬಬೇಡ. ಅದು ಅಂಗಿ ಇದ್ದ ಹಾಗೆ, ಯಜಮಾನ ಬದಲಾದಾಗಲೆಲ್ಲ ಬದಲಾಗುತ್ತದೆ. ಕಾರ್ಖಾನೆ ಕೊಟ್ಟ ತಯಾರಿಕಾ ಸಂಖ್ಯೆ ಬೇರೆ. ಅದು ಒಂದು ಇಂಜಿನ್ನಿಗೆ ಒಂದೇ, ಸಾಯುವವರೆಗೂ ಅದೇ. ಕ್ಯಾಬಿನ ಪಕ್ಕದಲ್ಲೋ ಹುಡ್ಡಿನ ಮೇಲೋ ಕೂರಿಸಿದ ಲೋಹದ ಬಿಲ್ಲೆಯಲ್ಲಿ ಆ ಸಂಖ್ಯೆ, ಕಾರ್ಖಾನೆಯ ಹೆಸರು ಮತ್ತು ತಯಾರಾದ ಕಾಲ ಇರುತ್ತವೆ. ಬಿಲ್ಲೆ ಇದ್ದರೆ ಅರ್ಧ ಕೆಲಸ ಮುಗಿಯಿತು ಅನ್ನಿಸೀತು. ಆದರೆ ಬಿಲ್ಲೆ ಕೀಳುವುದು ಸುಲಭ, ಅದಕ್ಕೆ ಬೆಲೆಯೂ ಇದೆ. ಒಂದರ ಬಿಲ್ಲೆ ಇನ್ನೊಂದಕ್ಕೆ ಬಂದು ಕೂತಿರಬಹುದು. ಅನುಭವಿಗಳು ಅದಕ್ಕೇ ಬಿಲ್ಲೆಯ ಅಕ್ಷರದಷ್ಟೇ ಗಮನವಿಟ್ಟು ಅದರ ಬೋಲ್ಟುಗಳನ್ನೂ ನೋಡುತ್ತಾರೆ. ಹಳೆಯ ತೂತುಗಳೂ ಈ ಬಿಲ್ಲೆಯ ತೂತುಗಳೂ ಒಂದಕ್ಕೊಂದು ಕೂಡುತ್ತವೆಯೇ? ಬಿಲ್ಲೆಯ ಕೆಳಗಿನ ಬಣ್ಣ ಸುತ್ತಲಿನ ಬಣ್ಣಕ್ಕಿಂತ ಹಳೆಯದೇ? ಬಿಲ್ಲೆಯೇ ಇಲ್ಲದಿದ್ದರೆ ಖಾಲಿ ತೂತುಗಳ ಅಂತರವೇ ಅಲ್ಲಿ ಯಾವ ಕಾರ್ಖಾನೆಯ ಬಿಲ್ಲೆ ಇತ್ತೆಂಬ ಸುಳಿವು ಕೊಡುತ್ತದೆ.

ಇಂಜಿನ್ನಿನ ಭಾಗಗಳಲ್ಲಿ ಯಾವುದು ಸಾಕ್ಷಿ, ಯಾವುದು ಅಲ್ಲ ಎಂಬ ವಿವೇಕ ನಿಧಾನಕ್ಕೆ ಬರುವಂಥದ್ದು. ಚಕ್ರಗಳು ಸವೆದರೆ ಬದಲಾಗುತ್ತವೆ. ಚಕ್ರ ತಿರುಗಿಸುವ ಟ್ರ್ಯಾಕ್ಷನ್ ಮೋಟರುಗಳು ರಿಪೇರಿಗೆ ಹೋದರೆ ಅವೇ ಮರಳಿ ಬರಬೇಕೆಂದಿಲ್ಲ, ಶೆಡ್ಡಿನಲ್ಲಿ ತಯಾರಿದ್ದದ್ದು ಬಂದು ಕೂರುತ್ತದೆ. ಒಳಗೆ ಕೂತು ಶಕ್ತಿ ಕೊಡುವ ಡೀಸೆಲ್ ಎಂಜಿನನ್ನೇ ಎತ್ತಿ ಬೇರೆಯದನ್ನು ಇಳಿಸಿರಬಹುದು. ಇವುಗಳ ಮೇಲೆಲ್ಲ ನಂಬರು ಕೊರೆದಿರುತ್ತದೆ, ಆದರೆ ಆ ನಂಬರುಗಳು ಊರೂರು ತಿರುಗಿದ ಬಿಡಿಭಾಗಗಳ ಕತೆ ಹೇಳುತ್ತವೆಯೇ ಹೊರತು ಈ ಇಂಜಿನ್ನಿನದಲ್ಲ. ಬದಲಾಗದೆ ಉಳಿಯುವುದು ಬಹುಮಟ್ಟಿಗೆ ಅಡಿಚೌಕಟ್ಟು ಒಂದೇ. ಅದಕ್ಕೇ ಇವರು ಹುಡುಕುವುದು ಚೌಕಟ್ಟಿನ ಉಕ್ಕಿಗೆ ಅಚ್ಚೊತ್ತಿದ ಅಂಕಿಗಳನ್ನು. ಎಪ್ಪತ್ತು ಎಂಬತ್ತು ವರ್ಷದ ಗ್ರೀಸು, ಧೂಳು, ಬಣ್ಣ ಅದರ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ಮರದ ಚಕ್ಕೆಯಿಂದ ಕೆರೆದು, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯುತ್ತಾರೆ. ಓರೆ ಬೆಳಕಿಗೆ ತಗ್ಗುಗಳಲ್ಲಿ ನೆರಳು ತುಂಬಿ ಅಂಕಿಗಳು ಎದ್ದು ಬರುತ್ತವೆ. ಶಾಸನ ಓದುವವರೂ ಇದನ್ನೇ ಮಾಡುತ್ತಾರೆ. ಬಳ್ಳಿಗಾವೆಯ ಕಲ್ಲಿಗಾಗಲಿ ಉಕ್ಕಿನ ಚೌಕಟ್ಟಿಗಾಗಲಿ ಬೆಳಕು ಬೀಳಬೇಕಾದ ಕೋನ ಒಂದೇ.

ಬಣ್ಣಕ್ಕೂ ಒಂದು ಓದು ಇದೆ. ಕ್ಯಾಬಿನ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಜಾಗ ಆರಿಸಿ, ಉಪ್ಪುಕಾಗದದಿಂದ ಸಣ್ಣ ವೃತ್ತವೊಂದನ್ನು ಮೆಲ್ಲಗೆ ಉಜ್ಜುತ್ತಾರೆ. ನಡುವೆ ಆಳವಾಗಿ, ಅಂಚಿನ ಕಡೆಗೆ ತೆಳುವಾಗಿ. ಉಕ್ಕು ಕಾಣಿಸುವ ಹೊತ್ತಿಗೆ ಮರದ ಕಾಂಡ ಕೊಯ್ದ ಹಾಗೆ ಬಳೆಬಳೆಯಾಗಿ ಬಣ್ಣಗಳು ತೆರೆದುಕೊಳ್ಳುತ್ತವೆ. ಎಲ್ಲಕ್ಕಿಂತ ಒಳಗೆ ಕಾರ್ಖಾನೆಯ ಅಸ್ತರಿ, ಅದರ ಮೇಲೆ ಮೊದಲ ಯಜಮಾನನ ಬಣ್ಣ, ಎರಡನೆಯವನದು, ಮೂರನೆಯವನದು. ಅಮೆರಿಕದಲ್ಲಿ ಈ ಬಳೆಗಳು ಬೇಗ ಬೇಗ ಬದಲಾಗುತ್ತವೆ, ಏಕೆಂದರೆ ಅಲ್ಲಿ ರೈಲು ಓಡಿಸಿದ್ದು ಖಾಸಗಿ ಕಂಪನಿಗಳು. ಪೆನ್ಸಿಲ್ವೇನಿಯಾ ರೈಲ್ವೆಯೂ ನ್ಯೂಯಾರ್ಕ್ ಸೆಂಟ್ರಲ್ಲೂ 1968ರಲ್ಲಿ ಕೂಡಿ ಪೆನ್ ಸೆಂಟ್ರಲ್ ಆದವು. ಎರಡೇ ವರ್ಷಕ್ಕೆ ಅದು ದಿವಾಳಿ. 1976ರಲ್ಲಿ ಅದರ ಬಹುಪಾಲು ಕಾನ್‌ರೈಲ್ ಕೈಗೆ ಬಂತು. ಯಾರ್ಡಿನ ಇಂಜಿನ್ ಅದೇ ಯಾರ್ಡಿನಲ್ಲೇ ಇದ್ದರೂ ಅಂಗಿ ಎರಡು ಸಲ ಬದಲಾಯಿತು. ವಿಲೀನಕ್ಕೂ ಮೊದಲು ಎರಡು ಕಂಪನಿಗಳ ನಂಬರು ಒಂದಕ್ಕೊಂದು ತಾಕದಿರಲೆಂದು 1966ರಲ್ಲೇ ಮರುನಂಬರು ಹಾಕಿದ್ದೂ ಉಂಟು. ಇದು ಗೊತ್ತಿಲ್ಲದೆ ಇಂಜಿನ್ನುಗಳ ಪಟ್ಟಿ ಓದಿದವರಿಗೆ ಒಂದೇ ಇಂಜಿನ್ ಎರಡಾಗಿಯೋ ಎರಡು ಇಂಜಿನ್ ಒಂದಾಗಿಯೋ ಕಾಣುತ್ತವೆ.

ಇನ್ನು ಮಾದರಿಯ ಹೆಸರುಗಳು. ನನಗೆ ತುಂಬ ಇಷ್ಟವಾದ ಭಾಗ ಇದು. ಇಲಿನಾಯ್ ರಾಜ್ಯದ ಲಾ ಗ್ರಾಂಜ್‌ನಲ್ಲಿ ಎಲೆಕ್ಟ್ರೋ-ಮೋಟಿವ್ ಕಂಪನಿಯ ಕಾರ್ಖಾನೆ 1930ರ ದಶಕದ ನಡುವೆ ಕೆಲಸ ಶುರುಮಾಡಿತು. ಅದರ ಷಂಟಿಂಗ್ ಇಂಜಿನ್ನುಗಳ ಹೆಸರು ಎಸ್‌ಸಿ, ಎಸ್‌ಡಬ್ಲ್ಯು, ಎನ್‌ಸಿ, ಎನ್‌ಡಬ್ಲ್ಯು. ಇವು ಒಗಟಲ್ಲ, ಇಂಗ್ಲಿಷಿನ ಮೊದಲಕ್ಷರಗಳು. ಎಸ್ ಎಂದರೆ ಸಿಕ್ಸ್ ಹಂಡ್ರೆಡ್, ಆರುನೂರು ಅಶ್ವಶಕ್ತಿ. ಎನ್ ಎಂದರೆ ನೈನ್ ಹಂಡ್ರೆಡ್, ಒಂಬೈನೂರು. ಸಿ ಎಂದರೆ ಎರಕದ ಚೌಕಟ್ಟು, ಡಬ್ಲ್ಯು ಎಂದರೆ ವೆಲ್ಡಿಂಗ್ ಮಾಡಿದ ಚೌಕಟ್ಟು. ಎರಡೇ ಅಕ್ಷರದಲ್ಲಿ ಶಕ್ತಿಯೂ ಬಂತು, ಕಟ್ಟಿದ ವಿಧಾನವೂ ಬಂತು. 1939ರಲ್ಲಿ ಎನ್‌ಡಬ್ಲ್ಯು2 ಬಂದಾಗ ಶಕ್ತಿ ಸಾವಿರಕ್ಕೆ ಏರಿತ್ತು, ಆದರೂ ಒಂಬೈನೂರರ ಎನ್ ಹಾಗೇ ಉಳಿಯಿತು. ಎಸ್‌ಡಬ್ಲ್ಯು ಅಂತೂ ಸಾವಿರದೈನೂರು ಅಶ್ವಶಕ್ತಿಯ ಇಂಜಿನ್ನುಗಳವರೆಗೂ ಬದುಕಿತು. ಅಷ್ಟು ಹೊತ್ತಿಗೆ ಎಸ್ ಎಂದರೆ ಆರುನೂರು ಎಂಬುದು ಮರೆತೇ ಹೋಗಿತ್ತು. ಹಳ್ಳಿಗೆ ಹೆಸರು ಕೊಟ್ಟ ಕೆರೆ ಬತ್ತಿದರೂ ಹೆಸರಿನಲ್ಲಿ ಕೆರೆ ಉಳಿಯುತ್ತದಲ್ಲ, ಹಾಗೆ. ಕ್ಯಾಬಿರುವ ಒಂದು ಇಂಜಿನ್ನಿನ ಹಿಂದೆ ಕ್ಯಾಬಿಲ್ಲದ ಇನ್ನೊಂದನ್ನು ಕಾಯಂ ಜೋಡಿಸಿ, ಒಬ್ಬನೇ ಚಾಲಕ ಎರಡನ್ನೂ ನಡೆಸುವ ಜೋಡಿಗಳೂ ಆ ಕಾರ್ಖಾನೆಯಿಂದ ಬಂದವು. ರೈಲಿನವರು ಅದಕ್ಕೆ ಇಟ್ಟ ಹೆಸರು ಹಸು-ಕರು. ಹಸು ಒಂದು ಕಂಪನಿಗೆ, ಕರು ಇನ್ನೊಂದಕ್ಕೆ ಮಾರಾಟವಾದಾಗ ಕರುವಿನ ಜಾಡು ಹಿಡಿಯುವುದು ಸಂಶೋಧಕರಿಗೆ ಸಾಕುಸಾಕಾಗುವ ಕೆಲಸ.

ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೊ, ತನ್ನ ಡೀಸೆಲ್ ಎಂಜಿನ್ನುಗಳಿಗೆ ಅಂಕಿಯ ಹೆಸರು ಕೊಟ್ಟಿತು: 539, 244, 251. ಮೊದಲ ಅಂಕಿ ತಿಂಗಳು, ಉಳಿದೆರಡು ವರ್ಷ. 539 ಎಂದರೆ 1939ರ ಮೇ, 251 ಎಂದರೆ 1951ರ ಫೆಬ್ರವರಿ. ಎಂಜಿನ್ ತನ್ನ ಹುಟ್ಟಿನ ತಿಂಗಳನ್ನು ಹಣೆಯ ಮೇಲೆ ಬರೆದುಕೊಂಡೇ ಓಡಾಡಿತು. ಈ 539 ಆರು ಸಿಲಿಂಡರಿನದು. 1940ರಲ್ಲಿ ಬಂದ ಎಸ್-1 ಇಂಜಿನ್ನಿನಲ್ಲಿ ಅದು 660 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷದ ಎಸ್-2ರಲ್ಲಿ ಅದೇ ಆರು ಸಿಲಿಂಡರುಗಳು 1000 ಕೊಟ್ಟವು. ವ್ಯತ್ಯಾಸ ಟರ್ಬೊಚಾರ್ಜರಿನದು. ಹೊರಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಸುಡಬಹುದಾದ ಎಣ್ಣೆಯೂ ಹೆಚ್ಚು. ಹೊರಗಿನಿಂದ ಇವೆರಡನ್ನು ಬೇರೆ ಮಾಡುವುದು ಹೊಗೆಕೊಳವೆಯ ದಪ್ಪದಿಂದ, ಮುಂದಿನ ರೇಡಿಯೇಟರ್ ಜಾಲರಿಯ ಅಳತೆಯಿಂದ. ಎಸ್-2ರಲ್ಲಿ ಎರಡೂ ದೊಡ್ಡವು.

ಒಂದು ಅಪಾಯವನ್ನೂ ಇಲ್ಲೇ ಹೇಳಬೇಕು. ಎಸ್-1, ಎಸ್-2ರ ಚಕ್ರಗಳು ಕೂತಿರುವ ಬೋಗಿಗೆ ಬ್ಲಂಟ್ ಬೋಗಿ ಎಂದು ಹೆಸರು, ವಿನ್ಯಾಸ ಮಾಡಿದ ಜೇಮ್ಸ್ ಬ್ಲಂಟ್ ಅವರಿಂದ ಬಂದದ್ದು. ಅವುಗಳ ನಂತರ ಬಂದ ಎಸ್-3, ಎಸ್-4ರಲ್ಲಿ ಒಳಗೆ ಅದೇ ಎಂಜಿನ್, ಕೆಳಗೆ ಮಾತ್ರ ಬೇರೆ ಬಗೆಯ ಬೋಗಿ. ಬೋಗಿ ನೋಡಿ ಮಾದರಿ ಹೇಳುವುದು ಸುಲಭದ ಉಪಾಯ. ಆದರೆ ಬೋಗಿ ಎಂಬುದು ಕ್ರೇನಿನಿಂದ ಇಂಜಿನ್ ಎತ್ತಿದರೆ ಕೆಳಗಿನಿಂದ ಉರುಳಿಕೊಂಡು ಹೊರಬರುವ ವಸ್ತು. ಬದಲಾಗಿದ್ದರೆ ಉಪಾಯವೇ ಮೋಸ ಮಾಡುತ್ತದೆ. ಒಂದೇ ಗುರುತಿನ ಮೇಲೆ ತೀರ್ಪು ಕೊಡದಿರುವುದು ಒಳ್ಳೆಯ ಸಂಶೋಧಕರ ಲಕ್ಷಣ ಎಂದು ನಾನು ತಿಳಿದದ್ದು ಇಂಥ ಕಡೆಗಳಲ್ಲಿ. ಜೆರ್ರಿ ಪಿಂಕೆಪ್ಯಾಂಕ್ 1967ರಲ್ಲಿ ತಂದ ಗುರುತುಕೈಪಿಡಿ ಈ ಜಾಲರಿ, ಕೊಳವೆ, ಬೋಗಿಗಳ ಭಾಷೆಯನ್ನು ಸಾಮಾನ್ಯ ಓದುಗರಿಗೂ ಕಲಿಸಿತು. ಹಕ್ಕಿ ನೋಡುವವರಿಗೆ ಸಾಲಿಂ ಅಲಿಯವರ ಪುಸ್ತಕ ಹೇಗೋ ಇವರಿಗೆ ಅದು ಹಾಗೆ.

ತಾರೀಖಿಲ್ಲದ ಫೋಟೋಗಳಿಗೆ ಕಾಲ ನಿರ್ಣಯಿಸುವಾಗ ಬೇರೆ ಸಣ್ಣ ಗುರುತುಗಳು ಕೈಹಿಡಿಯುತ್ತವೆ. 1967ರಲ್ಲಿ ಅಮೆರಿಕದ ರೈಲ್ವೆಗಳು ವ್ಯಾಗನ್ ಮತ್ತು ಇಂಜಿನ್ನುಗಳ ಪಕ್ಕಕ್ಕೆ ಬಣ್ಣದ ಅಡ್ಡಪಟ್ಟಿಗಳ ಚೀಟಿ ಅಂಟಿಸಲು ತೊಡಗಿದವು. ಹಳಿಯ ಪಕ್ಕದ ಯಂತ್ರ ಅದನ್ನು ಓದಿ ಯಾವ ವ್ಯಾಗನ್ ಹೋಯಿತೆಂದು ಬರೆದುಕೊಳ್ಳಬೇಕಿತ್ತು. ಕೊಳೆ ಹಿಡಿದು ಓದಲಾಗದೆ ಹತ್ತು ವರ್ಷದಲ್ಲಿ ಆ ಯೋಜನೆ ನಿಂತಿತು. ಸೋತ ಯೋಜನೆಯಾದರೂ ಇತಿಹಾಸಕಾರರಿಗೆ ಅದು ದೊಡ್ಡ ಉಪಕಾರ. ಪಟ್ಟಿ ಕಂಡರೆ ಚಿತ್ರ 1967ಕ್ಕಿಂತ ಹಿಂದಿನದಲ್ಲ. ಇನ್ನೊಂದು ಗುರುತು ಇಂಜಿನ್ನಿನ ಮುಂದೆ ಹಳಿಗೆ ಹತ್ತಿರವಾಗಿ ಅಡ್ಡಕ್ಕೆ ಚಾಚಿದ ಹಲಗೆ. ಕಪ್ಲಿಂಗ್ ಹಾಕುವ ಕೆಲಸಗಾರ ಚಲಿಸುವ ಇಂಜಿನ್ನಿನ ಆ ಹಲಗೆಯ ಮೇಲೆ ನಿಂತು ಹೋಗುತ್ತಿದ್ದ. ಕಾಲು ಜಾರಿದರೆ ಬೀಳುವುದು ನೇರ ಚಕ್ರದ ದಾರಿಗೆ. ಎಷ್ಟೋ ಜನ ಹಾಗೆ ಸತ್ತ ಮೇಲೆ 1970ರ ದಶಕದಲ್ಲಿ ಸರ್ಕಾರ ಆ ಹಲಗೆಗಳನ್ನು ತೆಗೆಸಿ, ಮೂಲೆಗಳಲ್ಲಿ ಭದ್ರವಾದ ಮೆಟ್ಟಿಲು ಇಡಿಸಿತು. ಚಿತ್ರದಲ್ಲಿ ಹಲಗೆ ಇದೆಯೋ ಮೆಟ್ಟಿಲು ಇದೆಯೋ ಎಂದು ನೋಡುವಾಗ ಸಂಶೋಧಕರು ವರ್ಷ ಹುಡುಕುತ್ತಿರುತ್ತಾರೆ ನಿಜ, ಆದರೆ ಆ ಹಲಗೆಯ ಮೇಲೆ ಕಾಲಿಟ್ಟವರ ನೆನಪಾಗದೆ ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಮೈ ಓದಿ ಮುಗಿಯಿತು ಎಂದರೆ ಕಾಗದ ಓದುವುದು. ರೈಲ್ವೆಯ ಇತಿಹಾಸ ರೈಲ್ವೆಯ ಕಾಗದದಲ್ಲೇ ಇರುತ್ತದೆ ಎಂದು ನಂಬಿ ಹೊರಟವರು ದಾರಿ ತಪ್ಪುತ್ತಾರೆ. ಇಂಜಿನ್ ಹೀಗೇಕೆ ಹುಟ್ಟಿತು ಎಂಬುದಕ್ಕೆ ಉತ್ತರ ಊರಿನ ಕಾನೂನಿನಲ್ಲಿ, ಕಾರ್ಮಿಕರ ಒಪ್ಪಂದದಲ್ಲಿ, ಬ್ಯಾಂಕಿನ ಪತ್ರದಲ್ಲಿ ಇರುತ್ತದೆ.

ಕಾನೂನಿನ ಕತೆಗೆ ಜರ್ಸಿ ಸೆಂಟ್ರಲ್ ರೈಲ್ವೆಯ 1000 ನಂಬರಿನ ಇಂಜಿನ್ನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಮೆರಿಕದಲ್ಲಿ ವ್ಯಾಪಾರಕ್ಕೆ ಬಂದು ಗೆದ್ದ ಮೊದಲ ಡೀಸೆಲ್-ಎಲೆಕ್ಟ್ರಿಕ್ ಇಂಜಿನ್ ಅದು. ಅದು ಕೆಲಸಕ್ಕೆ ಇಳಿದದ್ದು 1925ರ ಅಕ್ಟೋಬರಿನಲ್ಲಿ. ಆ ವರ್ಷವೇ ಏಕೆ? ಹಿಂದಕ್ಕೆ ಹೋಗಬೇಕು. 1902ರ ಜನವರಿ 8ರಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಉಗಿ ಮತ್ತು ಹೊಗೆ ತುಂಬಿ ಸಿಗ್ನಲ್ ಕಾಣದೆ ಒಂದು ರೈಲು ಇನ್ನೊಂದರ ಹಿಂಬದಿಗೆ ನುಗ್ಗಿ 15 ಜನ ಸತ್ತರು. ಉಗಿ ಇಂಜಿನ್ನಿನ ವಿರುದ್ಧ ನಗರದ ಸಿಟ್ಟು ಅಲ್ಲಿಂದ ಬೆಳೆಯಿತು. 1923ರ ಕಾಫ್ಮನ್ ಕಾಯಿದೆ ನಗರದೊಳಗೆ ಉಗಿ ಇಂಜಿನ್ನನ್ನೇ ನಿಷೇಧಿಸಿ 1926ರ ಜನವರಿ 1ರ ಗಡುವು ಇಟ್ಟಿತು. ದೊಡ್ಡ ಮಾರ್ಗಗಳಿಗೆ ವಿದ್ಯುತ್ ತಂತಿ ಎಳೆಯಬಹುದು. ಆದರೆ ಬ್ರಾಂಕ್ಸ್‌ನಲ್ಲಿ ಜರ್ಸಿ ಸೆಂಟ್ರಲ್ಲಿನ ಸರಕು ಯಾರ್ಡ್ ಎಂಬುದು ನದೀದಡದ ಒಂದು ಚೂರು ಜಾಗ. ವ್ಯಾಗನ್ನುಗಳು ಅಲ್ಲಿಗೆ ಬರುತ್ತಿದ್ದುದೇ ದೋಣಿಯ ಮೇಲೆ. ಗೋದಾಮು ದುಂಡಗೆ, ಹಳಿ ಅದರ ಸುತ್ತ ಬಳಸಿಕೊಂಡು ಹೋಗುತ್ತಿತ್ತು. ಅಷ್ಟಕ್ಕೆ ತಂತಿ ಎಳೆಯುವುದು ಯಾರಿಗೂ ಗಿಟ್ಟದ ಮಾತು.

ಮೂರು ಕಂಪನಿಗಳು ಕೂಡಿ ಉತ್ತರ ಕಟ್ಟಿದವು. ದೇಹ ಆಲ್ಕೊದ್ದು, ಆರು ಸಿಲಿಂಡರಿನ 300 ಅಶ್ವಶಕ್ತಿಯ ಎಂಜಿನ್ ಇಂಗರ್‌ಸಾಲ್-ರ‍್ಯಾಂಡ್‌ನದು, ಜನರೇಟರ್ ಮತ್ತು ಮೋಟರುಗಳು ಜನರಲ್ ಎಲೆಕ್ಟ್ರಿಕ್‌ನವು. ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ, ಜನರೇಟರಿನ ವಿದ್ಯುತ್ತು ಚಕ್ರದ ಮೋಟರುಗಳನ್ನು ತಿರುಗಿಸುತ್ತದೆ. ನಿಂತ ವ್ಯಾಗನ್ನುಗಳನ್ನು ಅಲುಗಿಸುವ ಗಳಿಗೆಯಲ್ಲಿ ಮೋಟರಿಗೆ ಅಪಾರ ಬಲ ಬೇಕು. ಆಗ ಜನರೇಟರಿನ ಮೇಲೆ ಭಾರ ಬಿದ್ದು ಎಂಜಿನ್ ಉಸಿರುಗಟ್ಟಿ ನಿಂತುಬಿಡುವ ಭಯ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಜನರಲ್ ಎಲೆಕ್ಟ್ರಿಕ್ ಸೇರಿದ್ದ ಹರ್ಮನ್ ಲೆಂಪ್ ಇದನ್ನು ಬಿಡಿಸಿದರು. ಎಂಜಿನ್ನಿನ ವೇಗಕ್ಕೂ ಜನರೇಟರಿನ ವಿದ್ಯುತ್ತಿಗೂ ತಾವೇ ಹೊಂದಿಕೊಳ್ಳುವ ವ್ಯವಸ್ಥೆ ಮಾಡಿ, ಚಾಲಕನ ಕೈಗೆ ಒಂದೇ ಹಿಡಿಕೆ ಕೊಟ್ಟರು. ಮುಂದಿನ ಡೀಸೆಲ್-ಎಲೆಕ್ಟ್ರಿಕ್ ಇಂಜಿನ್ನುಗಳೆಲ್ಲ ಆ ಮನೆತನದವು. 1000 ನಂಬರಿನ ಇಂಜಿನ್ ಅದೇ ಬ್ರಾಂಕ್ಸ್ ಯಾರ್ಡಿನಲ್ಲಿ 1957ರವರೆಗೆ ದುಡಿಯಿತು. ಮೂವತ್ತೆರಡು ವರ್ಷ, ಅಷ್ಟೇ ಜಾಗದಲ್ಲಿ, ಅದೇ ದುಂಡು ಗೋದಾಮಿನ ಸುತ್ತ. ಇವತ್ತು ಬಾಲ್ಟಿಮೋರಿನ ರೈಲು ಸಂಗ್ರಹಾಲಯದಲ್ಲಿದೆ. ಅದರ ಕತೆ ಬರೆಯುವವರು ಎಂಜಿನಿಯರಿಂಗ್ ಪುಸ್ತಕಕ್ಕಿಂತ ಮೊದಲು ನ್ಯೂಯಾರ್ಕ್ ರಾಜ್ಯದ ಕಾಯಿದೆ ಪುಸ್ತಕ ತೆರೆಯಬೇಕು.

ಕಾರ್ಮಿಕ ಒಪ್ಪಂದದ ಕತೆ ಇನ್ನೂ ಚಿಕ್ಕದು, ಇನ್ನೂ ಚೊಕ್ಕ. ಜನರಲ್ ಎಲೆಕ್ಟ್ರಿಕ್ 1940ರಿಂದ 1956ರವರೆಗೆ 44 ಟನ್ನಿನ ಪುಟ್ಟ ಷಂಟಿಂಗ್ ಇಂಜಿನ್ ಒಂದನ್ನು ಮಾಡಿ 350ಕ್ಕೂ ಹೆಚ್ಚು ಮಾರಿತು. ನಲವತ್ತೈದಲ್ಲ, ಐವತ್ತಲ್ಲ, ನಲವತ್ತನಾಲ್ಕು. ಯಂತ್ರಶಾಸ್ತ್ರದಲ್ಲಿ ಇದಕ್ಕೆ ಕಾರಣ ಹುಡುಕಿದರೆ ಸಿಗುವುದಿಲ್ಲ. 1937ರಲ್ಲಿ ರೈಲ್ವೆಗಳಿಗೂ ಕಾರ್ಮಿಕ ಸಂಘಗಳಿಗೂ ಆದ ಒಪ್ಪಂದದ ಪ್ರಕಾರ 90,000 ಪೌಂಡಿಗಿಂತ ಭಾರದ ಇಂಜಿನ್ನಿನಲ್ಲಿ ಚಾಲಕನ ಜೊತೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಇರಲೇಬೇಕಿತ್ತು. ಕಲ್ಲಿದ್ದಲು ಇಲ್ಲದ ಇಂಜಿನ್ನಿಗೂ ಅದೇ ನಿಯಮ. ಅಮೆರಿಕದ ಟನ್ನು 2000 ಪೌಂಡು. 44 ಟನ್ನು ಎಂದರೆ 88,000. ಗೆರೆಗಿಂತ ಎರಡೇ ಸಾವಿರ ಪೌಂಡು ಕೆಳಗೆ. ಒಬ್ಬ ಮನುಷ್ಯನ ಸಂಬಳ ಇಡೀ ಇಂಜಿನ್ನಿನ ಆಕಾರವನ್ನು ತೀರ್ಮಾನಿಸಿತು.

ಬ್ಯಾಂಕಿನ ಪತ್ರಗಳನ್ನು ನೋಡಲು ತೋಚುವುದು ಅನುಭವಿಗಳಿಗೆ ಮಾತ್ರ. ಕಂಪನಿಗಳು ಇಂಜಿನ್ನುಗಳನ್ನು ಬಹಳ ಸಲ ಸಾಲದಲ್ಲಿ ಕೊಳ್ಳುತ್ತಿದ್ದವು. ಸಾಲ ತೀರುವವರೆಗೆ ಇಂಜಿನ್ನಿನ ಒಡೆತನ ಒಂದು ಟ್ರಸ್ಟಿನದು, ರೈಲ್ವೆ ಬಾಡಿಗೆದಾರ. ಆ ಮಾತನ್ನು ಬರೆದ ಸಣ್ಣ ಲೋಹದ ಪಟ್ಟಿಯೊಂದು ಇಂಜಿನ್ನಿನ ಪಕ್ಕದಲ್ಲೇ ಇರುತ್ತಿತ್ತು. ಸಾಲ ಕೊಟ್ಟವರಿಗೆ ತಮ್ಮ ಒತ್ತೆ ಯಾವುದೆಂದು ಖಚಿತವಾಗಿ ಬೇಕು. ಅದಕ್ಕೇ ಪತ್ರದಲ್ಲಿ ಮಾದರಿ, ಸಂಖ್ಯೆ, ಬೆಲೆ ಎಲ್ಲ ಶಿಸ್ತಾಗಿ ದಾಖಲಾಗುತ್ತವೆ. ಮೆಕ್ಯಾನಿಕಲ್ ವಿಭಾಗದ ಗುಮಾಸ್ತ ಅವಸರದಲ್ಲಿ ತಪ್ಪು ಅಂಕಿ ಬರೆದಾನು, ಸಾಲ ಕೊಟ್ಟವನು ಬರೆಯುವುದಿಲ್ಲ. ಇಂಥ ಕಾಗದಗಳು ಎಲ್ಲೆಲ್ಲಿಗೆ ಬಂದು ಸೇರಿವೆಯೋ ಅಲ್ಲೆಲ್ಲ ಇವರು ಹೋಗಿ ಕೂರುತ್ತಾರೆ. ಪೆನ್ಸಿಲ್ವೇನಿಯಾ ರೈಲ್ವೆಯ ಅಪಾರ ಕಡತಗಳು ಡೆಲವೇರಿನ ಹ್ಯಾಗ್ಲಿ ಗ್ರಂಥಾಲಯದಲ್ಲಿವೆ. ಎಕ್ಸ್‌ಪ್ರೆಸ್ಸುಗಳ ಮೇಲೆ ಪುಸ್ತಕ ಬರೆಯುವವರು ಬಣ್ಣದ ಚಿತ್ರ ಹುಡುಕುತ್ತಿದ್ದರೆ, ಷಂಟಿಂಗ್ ಇಂಜಿನ್ನಿನ ಸಂಶೋಧಕರು ಇಂಥ ಕಡೆ ಕಂದುಬಣ್ಣದ ಲೆಡ್ಜರಿನ ಪುಟ ತಿರುವುತ್ತಿರುತ್ತಾರೆ.

ಕಾಗದಗಳು ಜಗಳವಾಡುತ್ತವೆ. ಬಿಲ್ಲೆಯಲ್ಲಿ ಒಂದು ತಿಂಗಳು, ಕಾರ್ಖಾನೆಯ ರವಾನೆ ಪುಸ್ತಕದಲ್ಲಿ ಮುಂದಿನ ತಿಂಗಳು, ರೈಲ್ವೆಯ ಲೆಕ್ಕದಲ್ಲಿ ಅದರ ಮುಂದಿನದು. ಮೂರರಲ್ಲಿ ಎರಡು ಸುಳ್ಳು ಎಂದು ಹೊಸಬರು ತಿಳಿಯುತ್ತಾರೆ. ಮೂರೂ ನಿಜವಿರಬಹುದು. ಕಟ್ಟಿ ಮುಗಿಸಿದ್ದು ಒಂದು ದಿನ, ಕಾರ್ಖಾನೆ ಬಿಟ್ಟದ್ದು ಇನ್ನೊಂದು ದಿನ, ಲೆಕ್ಕಕ್ಕೆ ಹತ್ತಿದ್ದು ಮತ್ತೊಂದು ದಿನ. ಒಳ್ಳೆಯ ಪಟ್ಟಿಯಲ್ಲಿ ಇದಕ್ಕೆ ಮೂರು ಪ್ರತ್ಯೇಕ ಕಲಮುಗಳಿರುತ್ತವೆ. ಯುದ್ಧಕಾಲದ ಇಂಜಿನ್ನುಗಳಾದರೆ ಇನ್ನೊಂದು ಕಾಗದ ನೋಡಲೇಬೇಕು. 1942ರ ನಂತರ ಯಾವ ಕಾರ್ಖಾನೆ ಯಾವ ಬಗೆಯ ಇಂಜಿನ್ ಮಾಡಬೇಕೆಂದು ಸರ್ಕಾರದ ಯುದ್ಧ ಉತ್ಪಾದನಾ ಮಂಡಳಿ ನಿರ್ಧರಿಸುತ್ತಿತ್ತು. ದೂರದ ಸರಕು ರೈಲಿನ ಇಂಜಿನ್ ಹೆಚ್ಚಾಗಿ ಎಲೆಕ್ಟ್ರೋ-ಮೋಟಿವ್‌ಗೆ, ಷಂಟಿಂಗ್ ಇಂಜಿನ್ ಹೆಚ್ಚಾಗಿ ಆಲ್ಕೊ ಮತ್ತು ಬಾಲ್ಡ್ವಿನ್‌ಗೆ. ಆ ಎರಡು ಮೂರು ವರ್ಷಗಳಲ್ಲಿ ಒಂದು ರೈಲ್ವೆ ಬಾಲ್ಡ್ವಿನ್ ಷಂಟರ್ ಕೊಂಡಿತೆಂದರೆ ಅದನ್ನು ಮೆಚ್ಚಿ ಕೊಂಡಿತೆಂದು ಬರೆಯಲಾಗದು. ಸಿಕ್ಕಿದ್ದು ಅದು.

ಮುದುಕ ಚಾಲಕರ ನೆನಪುಗಳನ್ನು ಬಳಸುವ ರೀತಿಯಲ್ಲೂ ಒಂದು ಜಾಣ್ಮೆ ಇದೆ. ಯಾವ ವರ್ಷ ಎಂದು ಕೇಳಿದರೆ ಅವರು ತಪ್ಪುತ್ತಾರೆ. ಯಾವ ಇಂಜಿನ್ನಿನ ಹೀಟರು ಚಳಿಗಾಲದಲ್ಲಿ ಕೆಲಸ ಮಾಡುತ್ತಿರಲಿಲ್ಲ, ಯಾವುದರ ಬ್ರೇಕು ತಡವಾಗಿ ಹಿಡಿಯುತ್ತಿತ್ತು, ಯಾವುದು ಮಳೆಯಲ್ಲಿ ಚಕ್ರ ಜಾರಿಸುತ್ತಿತ್ತು ಎಂದು ಕೇಳಿದರೆ ನಿನ್ನೆಯ ಮಾತಿನ ಹಾಗೆ ಹೇಳುತ್ತಾರೆ. ಅನುಭವಿ ಸಂಶೋಧಕರು ವರ್ಷವನ್ನು ಕಾಗದದಿಂದಲೂ ಸ್ವಭಾವವನ್ನು ಮನುಷ್ಯರಿಂದಲೂ ತೆಗೆದುಕೊಳ್ಳುತ್ತಾರೆ.

ಈ ವಂಶವೃಕ್ಷದ ಒಂದು ಕೊಂಬೆ ನಮ್ಮ ಕಡೆಗೂ ಚಾಚಿದೆ. ಆಲ್ಕೊದ 251 ಎಂಜಿನ್ ಹೊತ್ತ ಡಬ್ಲ್ಯುಡಿಎಂ-2 ಇಂಜಿನ್ನುಗಳು 1962ರಿಂದ ಭಾರತಕ್ಕೆ ಬಂದವು. ಎರಡು ವರ್ಷದಲ್ಲಿ ವಾರಾಣಸಿಯ ಕಾರ್ಖಾನೆಯಲ್ಲೇ ಅವು ತಯಾರಾಗತೊಡಗಿದವು. 1969ರಲ್ಲಿ ಸ್ಕೆನೆಕ್ಟಡಿಯಲ್ಲಿ ಆಲ್ಕೊ ಇಂಜಿನ್ ತಯಾರಿಕೆ ನಿಲ್ಲಿಸಿತು. ವಾರಾಣಸಿ ನಿಲ್ಲಿಸಲಿಲ್ಲ. 1970ರ ದಶಕದಲ್ಲಿ ಅದೇ 251ರ ಆರು ಸಿಲಿಂಡರಿನ ರೂಪವನ್ನು ಇಟ್ಟು ಡಬ್ಲ್ಯುಡಿಎಸ್-6 ಎಂಬ ಷಂಟಿಂಗ್ ಇಂಜಿನ್ ಮಾಡಿತು. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಸ್ ಎಂದರೆ ಷಂಟಿಂಗ್. ಅದಕ್ಕೂ ಮೊದಲು ಚಿತ್ತರಂಜನ್‌ನಲ್ಲಿ ಡಬ್ಲ್ಯುಡಿಎಸ್-4 ತಯಾರಾಗುತ್ತಿತ್ತು. ಅದರಲ್ಲಿ ಜನರೇಟರು ಮೋಟರು ಇಲ್ಲ, ಎಣ್ಣೆಯ ಮೂಲಕ ಶಕ್ತಿ ಚಕ್ರಕ್ಕೆ ಹೋಗುತ್ತದೆ. ಆ ವ್ಯವಸ್ಥೆ ಮನಮೋಹನ್ ಸೂರಿ ಅವರದು. ಆ ಕೆಲಸಕ್ಕಾಗಿ ಅವರ ಹೆಸರು ಅದಕ್ಕೇ ಅಂಟಿ ಸೂರಿ ಟ್ರಾನ್ಸ್‌ಮಿಷನ್ ಎಂದಾಯಿತು. ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಲ್ಲಿ ಆಲ್ಕೊ ವಂಶದ ಇಂಜಿನ್ನುಗಳು ದಶಕಗಟ್ಟಲೆ ನಿಂತು ಹೊಗೆಯುಗುಳಿವೆ. ಅವುಗಳ ಗುಡುಗುಡು ಸದ್ದು ಕೇಳಿ ಬೆಳೆದವರು, ತಾವು ಕೇಳಿದ್ದು 1951ರ ಫೆಬ್ರವರಿಯ ಒಂದು ನಕ್ಷೆಯ ದನಿ ಎಂದು ಈಗ ಹೇಳಬಹುದು. ಹೊರದೇಶದ ಪಟ್ಟಿಗಳಿಗೆ ಹೋಲಿಸಿದರೆ ನಮ್ಮ ಷಂಟಿಂಗ್ ಇಂಜಿನ್ನುಗಳ ಒಂದೊಂದರ ಜಾತಕವನ್ನೂ ಇಷ್ಟೇ ಶ್ರದ್ಧೆಯಿಂದ ಬರೆಯುವ ಕೆಲಸ ದೊಡ್ಡದಾಗಿಯೇ ಉಳಿದಿದೆ. ವಿದ್ಯುದೀಕರಣವಾದ ಮಾರ್ಗಗಳಿಂದ ಡೀಸೆಲ್ ಇಂಜಿನ್ನುಗಳು ಕಾಲ್ತೆಗೆಯುತ್ತಿವೆ. ಚೌಕಟ್ಟಿನ ಮೇಲಿನ ಅಂಕಿಯನ್ನು ಓರೆ ಬೆಳಕಿನಲ್ಲಿ ಓದಬೇಕಾದ್ದು ಈಗಲೇ.

ಪಟ್ಟಿಯ ಕೊನೆಯ ಕಲಮಿನ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಪ್ರತಿ ಇಂಜಿನ್ನಿನ ಸಾಲಿನ ತುದಿಯಲ್ಲಿ ಅದು ಏನಾಯಿತು ಎಂದು ಬರೆಯುವ ಕಲಮು ಅದು. ಬಹಳ ಇಂಜಿನ್ನುಗಳ ಮುಂದೆ ಗುಜರಿ ವ್ಯಾಪಾರಿಯ ಹೆಸರೂ ಮಾರಿದ ತಾರೀಖೂ ಇರುತ್ತದೆ. ಅಷ್ಟು ನೋಡಿ ‘ಒಡೆದು ಹಾಕಿದರು’ ಎಂದು ಬರೆದುಬಿಡಲು ಕೈ ತವಕಿಸುತ್ತದೆ. ಕಸುಬು ಗೊತ್ತಿದ್ದವರು ಹಾಗೆ ಬರೆಯುವುದಿಲ್ಲ. ‘ಗುಜರಿ ವ್ಯಾಪಾರಿಗೆ ಮಾರಾಟ’ ಎಂದಷ್ಟೇ ಬರೆಯುತ್ತಾರೆ. ಏಕೆಂದರೆ ಓಡುವ ಸ್ಥಿತಿಯ ಷಂಟಿಂಗ್ ಇಂಜಿನ್ನನ್ನು ವ್ಯಾಪಾರಿ ಒಡೆಯದೆ ಯಾವುದೋ ಸಿಮೆಂಟ್ ಕಾರ್ಖಾನೆಗೆ, ಸಕ್ಕರೆ ಮಿಲ್ಲಿಗೆ, ಧಾನ್ಯದ ಗೋದಾಮಿಗೆ ಮಾರಿದ್ದುಂಟು. ಒಳಗಿನ ಎಂಜಿನ್ ತೆಗೆದು, ಭಾರ ತುಂಬಿ, ಮೋಟರುಗಳನ್ನು ಮಾತ್ರ ಉಳಿಸಿ ಇನ್ನೊಂದು ಇಂಜಿನ್ನಿಗೆ ಜೊತೆಗಾರನಾಗಿ ಕಟ್ಟಿದ್ದೂ ಉಂಟು. ಹತ್ತು ಹದಿನೈದು ವರ್ಷದ ಮೇಲೆ ಯಾರೋ ಒಬ್ಬರು ಧಾನ್ಯದ ಗೋದಾಮಿನ ಹಿಂದಿನ ಹಳಿಯಲ್ಲಿ ಒಂದು ಇಂಜಿನ್ ನೋಡುತ್ತಾರೆ. ಬಿಲ್ಲೆ ಇಲ್ಲ, ಬಣ್ಣ ಯಾವುದೆಂದೇ ತಿಳಿಯದು. ಮಾಲೀಕರ ಅಪ್ಪಣೆ ಕೇಳಿ, ಸೀಮೆಸುಣ್ಣ ತೆಗೆದು, ಚೌಕಟ್ಟಿನ ಪಕ್ಕ ಮಂಡಿಯೂರುತ್ತಾರೆ. ಮೊದಲ ಎರಡು ಅಂಕಿ ಸ್ಪಷ್ಟ, ಮೂರನೆಯದು ತುಕ್ಕಿನಲ್ಲಿ ಮುಳುಗಿದೆ, ನಾಲ್ಕನೆಯದು ಆರೋ ಎಂಟೋ ಎಂದು ಅನುಮಾನ. ಮನೆಗೆ ಬಂದು ಪಟ್ಟಿ ತೆರೆದು ಹೊಂದಬಹುದಾದ ಸಾಲುಗಳ ಮುಂದೆಲ್ಲ ಪೆನ್ಸಿಲ್ಲಿನಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ಮುಂದಿನ ಭಾನುವಾರ ತಂತಿ ಬ್ರಷ್ಷು ತೆಗೆದುಕೊಂಡು ಹೋಗುವುದೆಂದು ಪುಟದ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಾರೆ.